ಪರದೆ ಮೇಲೆ ಬಂದ ಉತ್ತರ ಮೇನ್ ಕೈಗೆ ಯಾಕೆ ಸಿಗುವುದಿಲ್ಲ?

ಪ್ರಶ್ನೆ: ಸರ್, ನಾನು ಯಾದಗಿರಿ ಜಿಲ್ಲೆಯ ಶಹಾಪುರದವಳು. ಕಲಬುರಗಿಯಲ್ಲಿ ಬಿಸಿಎ ಓದುತ್ತಿದ್ದೇನೆ. ಸಿ ಭಾಷೆಯಲ್ಲಿ ಫಂಕ್ಷನ್ ನಾಲ್ಕು ಬಗೆ ಅಂತ ಬರೆಸಿದ್ದಾರೆ. ಬಾಯಿಪಾಠ ಆಗಿದೆ, ಆದರೆ ತಲೆಗೆ ಹತ್ತಿಲ್ಲ. ಗಂಜ್‌ನಲ್ಲಿ ಅಪ್ಪ ತೊಗರಿ ಮಾರಿದ ಪಟ್ಟಿ ನೋಡಿ ಒಂದು ಲೆಕ್ಕದ ಪ್ರೋಗ್ರಾಂ ಬರೆದೆ. ಫೋನ್‌ನಲ್ಲಿ ಎಲ್ಲವನ್ನೂ ಮೇನ್ (ಪ್ರೋಗ್ರಾಂ ಶುರುವಾಗುವ ಫಂಕ್ಷನ್) ಒಳಗೇ ಬರೆದರೆ ಸರಿ ಬರುತ್ತದೆ. ಫಂಕ್ಷನ್ ಮಾಡಿದರೆ ಒಟ್ಟು ಮೊತ್ತ ಪರದೆ ಮೇಲೆ ಬರುತ್ತದೆ, ಆದರೆ ಅದರಲ್ಲಿ ಹಮಾಲಿ ಕಳೆಯಲು ಹೋದರೆ ಎರರ್. ದರ ಇಳಿಸುವ ಫಂಕ್ಷನ್ ಬರೆದೆ, ಮೇನ್‌ನಲ್ಲಿ ದರ ಹಳೆಯದೇ ಉಳಿಯುತ್ತದೆ. ಇನ್ನೂ ವಿಚಿತ್ರ ಏನೆಂದರೆ, 7 ಕ್ವಿಂಟಲ್‌ಗೆ 8000 ದರ ಕೊಟ್ಟರೆ ಫೋನ್‌ನಲ್ಲಿ 56000 ಬರುತ್ತದೆ, ಕಾಲೇಜಿನ ಲ್ಯಾಬ್‌ನಲ್ಲಿ -9536 ಬರುತ್ತದೆ. ಫಂಕ್ಷನ್ ಬೇಕೇ ಬೇಕಾ? ಮೇನ್‌ನಲ್ಲೇ ಬರೆದುಕೊಂಡು ಹೋದರೆ ಆಗಲ್ವಾ?

ಉತ್ತರ: ಆ ನಾಲ್ಕು ಬಗೆಯ ಪಟ್ಟಿಯನ್ನು ಸದ್ಯ ಪಕ್ಕಕ್ಕಿಡಿ ತಂಗಿ. ಅದು ಪರೀಕ್ಷೆಗೆ ಬೇಕು, ಪ್ರೋಗ್ರಾಂ ಬರೆಯಲು ಬೇಡ. ಫಂಕ್ಷನ್ ಎಂದರೆ ಒಂದು ಕೆಲಸಕ್ಕೆ ಹೆಸರಿಟ್ಟು ಬೇರೆಯಾಗಿ ಬರೆದ ಕೋಡಿನ ತುಂಡು. ಅದಕ್ಕೆ ಏನಾದರೂ ಕೊಡಬೇಕಾ, ಬೇಡವಾ? ಅದು ಏನಾದರೂ ವಾಪಸ್ ಕೊಡುತ್ತದಾ, ಇಲ್ಲವಾ? ಈ ಎರಡು ಪ್ರಶ್ನೆಗೆ ಹೌದು, ಇಲ್ಲ ಅಂತ ಬರೆದರೆ ನಾಲ್ಕು ಜೋಡಿ ಆಗುತ್ತವೆ. ಪುಸ್ತಕದ ನಾಲ್ಕು ಬಗೆ ಎಂದರೆ ಇಷ್ಟೇ. ಸಿ ಭಾಷೆಗೆ ಆ ಪಟ್ಟಿಯ ಹಂಗಿಲ್ಲ.

ನಿಮ್ಮ ತೊಂದರೆಗಳು ನೋಡಲು ಬೇರೆ ಬೇರೆ. ಆದರೆ ಎಲ್ಲದಕ್ಕೂ ಕೇಳಬೇಕಾದ ಪ್ರಶ್ನೆ ಒಂದೇ: ವ್ಯಾಲ್ಯೂ ಎಲ್ಲಿಂದ ಹೊರಟಿತು, ಎಲ್ಲಿಗೆ ಹೋಯಿತು, ಎಷ್ಟು ಜಾಗದಲ್ಲಿ ಕುಳಿತಿತು? ಈ ದಾರಿಯನ್ನು ಬೆರಳಿಟ್ಟು ತೋರಿಸಲು ಬಂದರೆ ಫಂಕ್ಷನ್ ಬಂದ ಹಾಗೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಕೆಳಗಿನ ಕೋಡನ್ನೆಲ್ಲ ನಾವು ಬಾಯಲ್ಲಿ ಓದುವ ಹಾಗೆ ಕನ್ನಡ ಅಕ್ಷರದಲ್ಲಿ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಟ್, ವಾಯ್ಡ್, ರಿಟರ್ನ್ ಎಲ್ಲವನ್ನೂ ಇಂಗ್ಲಿಷ್ ಅಕ್ಷರದಲ್ಲೇ ಹಾಕಬೇಕು. ಒಟ್ಟು, ಹಮಾಲಿ, ದರ ಎಂಬ ಹೆಸರುಗಳನ್ನೂ ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಳ್ಳಿ.

ಮೇನ್‌ನಲ್ಲೇ ಬರೆದರೆ ಆಗಲ್ವಾ ಅಂತ ಕೇಳಿದ್ದೀರಿ. ಆಗುತ್ತದೆ. ಇಪ್ಪತ್ತು ಸಾಲಿನ ಪ್ರೋಗ್ರಾಂಗೆ ಫಂಕ್ಷನ್ ಬೇಕೇ ಬೇಕು ಅಂತ ಯಾರಾದರೂ ಹೇಳಿದರೆ ಅದು ಲ್ಯಾಬ್ ರೆಕಾರ್ಡಿಗಾಗಿ ಹೇಳಿದ ಮಾತು. ಆದರೆ ಒಂದು ವಿಷಯ ಗಮನಿಸಿ. ನೀವು ಮೊದಲ ದಿನದಿಂದಲೇ ಫಂಕ್ಷನ್ ಬಳಸುತ್ತಿದ್ದೀರಿ. ಪರದೆ ಮೇಲೆ ಬರೆಯುವ ಸೌಕರ್ಯ ಸಿ ಭಾಷೆಯ ಒಳಗೆ ಇಲ್ಲವೇ ಇಲ್ಲ. ಪರದೆಗೆ ಬರೆಯುವ ಪ್ರಿಂಟ್‌ಎಫ್ ಒಂದು ಫಂಕ್ಷನ್, ಕೀಬೋರ್ಡಿನಿಂದ ಓದುವ ಸ್ಕ್ಯಾನ್‌ಎಫ್ ಒಂದು ಫಂಕ್ಷನ್. ಯಾರೋ ಬರೆದಿಟ್ಟದ್ದನ್ನು ನೀವು ಕರೆಯುತ್ತಿದ್ದೀರಿ. ಮೇನ್ ಕೂಡ ಫಂಕ್ಷನ್ನೇ. ಪ್ರೋಗ್ರಾಂ ಶುರುವಾದಾಗ ಅದನ್ನು ಕರೆಯುವುದು ಸಿಸ್ಟಂ. ಮೇನ್ ಕೊನೆಯಲ್ಲಿ ರಿಟರ್ನ್ 0 ಅಂತ ಬರೆಯುವುದು ಕೆಲಸ ಸರಿಯಾಗಿ ಮುಗಿಯಿತು ಎಂದು ಸಿಸ್ಟಂಗೆ ತಿಳಿಸಲು.

ಬೆಲ್ ಲ್ಯಾಬ್ಸ್‌ನಲ್ಲಿ ಡೆನಿಸ್ ರಿಚಿ 1970ರ ದಶಕದ ಆರಂಭದಲ್ಲಿ ಈ ಭಾಷೆಯನ್ನು ಕಟ್ಟಿದರು. 1973ರಲ್ಲಿ ಯುನಿಕ್ಸ್ ಎಂಬ ಆಪರೇಟಿಂಗ್ ಸಿಸ್ಟಂನ ತಿರುಳನ್ನು ಸಿ ಭಾಷೆಯಲ್ಲಿ ಹೊಸದಾಗಿ ಬರೆದರು. ಅಷ್ಟು ದೊಡ್ಡ ಕೆಲಸವನ್ನು ಒಂದೇ ಮೇನ್‌ನಲ್ಲಿ ತುಂಬಲು ಆಗುತ್ತದಾ? ಸಣ್ಣ ಸಣ್ಣ ಫಂಕ್ಷನ್ ಮಾಡಿ, ಒಂದೊಂದನ್ನೂ ಬೇರೆಯಾಗಿ ಪರೀಕ್ಷಿಸಿ, ಆಮೇಲೆ ಜೋಡಿಸಬೇಕು. ನಿಮ್ಮ ತೊಗರಿ ಲೆಕ್ಕಕ್ಕೂ ಇದೇ ದಾರಿ.

ಈಗ ನಿಮ್ಮ ಮೊದಲ ತೊಂದರೆಗೆ ಬರೋಣ. ನೀವು ಬರೆದದ್ದು ಹೀಗಿದ್ದಿರಬೇಕು:

ವಾಯ್ಡ್ ಒಟ್ಟು(ಇಂಟ್ ಕ್ವಿಂಟಲ್, ಇಂಟ್ ದರ)
{
    ಪ್ರಿಂಟ್‌ಎಫ್("%ಡಿ", ಕ್ವಿಂಟಲ್ * ದರ);
}

ಮೇನ್‌ನಲ್ಲಿ ಒಟ್ಟು(7, 8000); ಅಂತ ಕರೆದರೆ ಪರದೆ ಮೇಲೆ 56000 ಬರುತ್ತದೆ. ಖುಷಿಯಾಗುತ್ತದೆ. ಆಮೇಲೆ ಹಮಾಲಿ ಕಳೆಯಲು ಹೀಗೆ ಬರೆದಿರಿ:

ಕೈಗೆ = ಒಟ್ಟು(7, 8000) - ಹಮಾಲಿ;

ಕೋಡನ್ನು ಯಂತ್ರದ ಭಾಷೆಗೆ ಇಳಿಸುವ ಕಂಪೈಲರ್ ಒಪ್ಪುವುದಿಲ್ಲ. ಜಿಸಿಸಿ ಎಂಬ ಕಂಪೈಲರ್ ಆದರೆ ‘ವಾಯ್ಡ್ ವ್ಯಾಲ್ಯೂ ನಾಟ್ ಇಗ್ನೋರ್ಡ್ ಆಸ್ ಇಟ್ ಆಟ್ ಟು ಬಿ’ ಅಂತ ಬೈಯುತ್ತದೆ. ಓದಲು ಕಷ್ಟವಾದರೂ ಅದು ಹೇಳುವುದು ಸರಳ: ಈ ಫಂಕ್ಷನ್ ಏನೂ ಕೊಡುವುದಿಲ್ಲ ಅಂತ ನೀವೇ ವಾಯ್ಡ್ ಬರೆದಿದ್ದೀರಿ, ಈಗ ಅದರಿಂದ ಏನೋ ಕೇಳುತ್ತಿದ್ದೀರಿ.

ಇಲ್ಲಿ ಸ್ವಲ್ಪ ನಿಲ್ಲಿ. ಫಂಕ್ಷನ್ ಕಲಿಯುವವರಲ್ಲಿ ಹೆಚ್ಚಿನವರು ಎಡವುವ ಜಾಗ ಇದೇ. ಪರದೆ ಮೇಲೆ 56000 ಕಂಡದ್ದು ನಿಮಗೆ. ಮೇನ್‌ಗೆ ಅದು ಕಾಣಲಿಲ್ಲ. ಪ್ರಿಂಟ್‌ಎಫ್ ಮನುಷ್ಯರಿಗೆ ತೋರಿಸುತ್ತದೆ, ರಿಟರ್ನ್ ಕರೆದ ಫಂಕ್ಷನ್‌ಗೆ ಕೊಡುತ್ತದೆ. ಪರದೆಗೆ ಹೋದ ಸಂಖ್ಯೆಯನ್ನು ಮೇನ್ ತಿರುಗಿ ಓದಿಕೊಳ್ಳುವುದಿಲ್ಲ. ಎಲ್ಲವೂ ಮೇನ್‌ನಲ್ಲೇ ಇದ್ದಾಗ ಈ ವ್ಯತ್ಯಾಸ ಗೊತ್ತಾಗುವುದಿಲ್ಲ. ಲೆಕ್ಕ ಮಾಡಿದ್ದೂ ಅಲ್ಲೇ, ತೋರಿಸಿದ್ದೂ ಅಲ್ಲೇ, ಸಂಖ್ಯೆ ಇರುವುದೂ ಅಲ್ಲೇ. ಫಂಕ್ಷನ್ ಬೇರೆ ಮಾಡಿದ ಕೂಡಲೇ ಎರಡೂ ಬೇರೆಯಾಗುತ್ತವೆ.

ಸರಿಯಾದ ಫಂಕ್ಷನ್ ಹೀಗೆ:

ಇಂಟ್ ಒಟ್ಟು(ಇಂಟ್ ಕ್ವಿಂಟಲ್, ಇಂಟ್ ದರ)
{
    ರಿಟರ್ನ್ ಕ್ವಿಂಟಲ್ * ದರ;
}

ಮೊದಲಿನ ಇಂಟ್ ಎಂದರೆ ವಾಪಸ್ ಬರುವುದು ಪೂರ್ಣಾಂಕ ಎಂಬ ಮಾತು. ಬ್ರ್ಯಾಕೆಟ್ ಒಳಗಿನವು ಫಂಕ್ಷನ್‌ಗೆ ಬೇಕಾದ ಸಾಮಾನು, ಅವನ್ನು ಪ್ಯಾರಾಮೀಟರ್ ಅನ್ನುತ್ತಾರೆ. ಇದರ ಜೊತೆಗೆ ಹಮಾಲಿಗೂ ಒಂದು ಬರೆಯಿರಿ. ಲೆಕ್ಕ ಸುಲಭ ಆಗಲಿ ಅಂತ ಒಂದು ಚೀಲಕ್ಕೆ 50 ಕಿಲೋ, ಚೀಲಕ್ಕೆ 20 ರೂಪಾಯಿ ಹಮಾಲಿ ಅಂತ ಹಿಡಿಯೋಣ:

ಇಂಟ್ ಹಮಾಲಿ(ಇಂಟ್ ಕ್ವಿಂಟಲ್)
{
    ಇಂಟ್ ಚೀಲ = ಕ್ವಿಂಟಲ್ * 2;
    ರಿಟರ್ನ್ ಚೀಲ * 20;
}

ಈಗ ಮೇನ್‌ನಲ್ಲಿ ಒಂದೇ ಸಾಲು:

ಕೈಗೆ = ಒಟ್ಟು(7, 8000) - ಹಮಾಲಿ(7);

ಈ ಸಾಲು ಹೇಗೆ ನಡೆಯುತ್ತದೆ ಅಂತ ನೋಟ್‌ಬುಕ್‌ನಲ್ಲಿ ಬರೆದು ನೋಡಿ. ಒಟ್ಟು ಫಂಕ್ಷನ್‌ಗೆ 7 ಮತ್ತು 8000 ಹೋಯಿತು, 56000 ತಿರುಗಿ ಬಂತು. ಆ ಕರೆ ಇದ್ದ ಜಾಗದಲ್ಲಿ 56000 ಅಂತ ಬರೆಯಿರಿ. ಹಮಾಲಿಗೆ 7 ಹೋಯಿತು, 14 ಚೀಲಕ್ಕೆ 280 ಬಂತು. ಆ ಕರೆಯನ್ನೂ ಹೊಡೆದು 280 ಬರೆಯಿರಿ. ಉಳಿದದ್ದು 56000 - 280. ಕೈಗೆ 55720. ಫಂಕ್ಷನ್ ಕರೆದ ಜಾಗದಲ್ಲಿ ಅದರ ಉತ್ತರವನ್ನು ಇಟ್ಟು ಓದುವ ಈ ಅಭ್ಯಾಸ ಬಿದ್ದರೆ ಎಂಥ ಉದ್ದದ ಸಾಲನ್ನೂ ಬಿಡಿಸಬಹುದು.

ಇಲ್ಲೇ ಒಂದು ಕಳ್ಳ ತಪ್ಪಿದೆ. ಕೆಲವರು ವಾಯ್ಡ್ ತೆಗೆದು ಇಂಟ್ ಹಾಕುತ್ತಾರೆ, ಒಳಗೆ ಪ್ರಿಂಟ್‌ಎಫ್ ಹಾಗೇ ಬಿಡುತ್ತಾರೆ, ರಿಟರ್ನ್ ಬರೆಯುವುದಿಲ್ಲ. ಎರರ್ ಬರುವುದಿಲ್ಲ, ಪ್ರೋಗ್ರಾಂ ಓಡುತ್ತದೆ. ಉತ್ತರ ಮಾತ್ರ ಏನೇನೋ. ಕೆಲವೊಮ್ಮೆ ಕೈಗೆ -275 ಅಂತ ಬರಬಹುದು. ಯಾಕೆ ಗೊತ್ತಾ? ಪ್ರಿಂಟ್‌ಎಫ್ ಕೂಡ ಒಂದು ಇಂಟ್ ವಾಪಸ್ ಕೊಡುತ್ತದೆ, ಅದು ಎಷ್ಟು ಅಕ್ಷರ ಅಚ್ಚಾಯಿತು ಎಂಬ ಲೆಕ್ಕ. 56000 ಎಂದರೆ 5 ಅಕ್ಷರ. ನೀವು ಏನೂ ರಿಟರ್ನ್ ಮಾಡದಿದ್ದಾಗ ಪ್ರೊಸೆಸರ್‌ನಲ್ಲಿ ಉಳಿದಿದ್ದ ಆ 5 ಮೇನ್‌ಗೆ ಸಿಕ್ಕಿಬಿಡಬಹುದು. 5 ರಿಂದ 280 ಕಳೆದರೆ -275. ಇದು ಪ್ರತಿ ಸಲ ಹೀಗೇ ಆಗುತ್ತದೆ ಅಂತ ಯಾವ ಖಾತ್ರಿಯೂ ಇಲ್ಲ. ಜಿಸಿಸಿಗೆ ಮೈನಸ್ ಡಬ್ಲ್ಯೂ ಆಲ್ ಎಂಬ ಆಯ್ಕೆ ಕೊಟ್ಟು ಕಂಪೈಲ್ ಮಾಡಿದರೆ ರಿಟರ್ನ್ ಮರೆತದ್ದನ್ನು ಅದೇ ತೋರಿಸುತ್ತದೆ. ವಾರ್ನಿಂಗ್ ಬಂದರೆ ಸುಮ್ನೆ ಬಿಡಬೇಡಿ, ಓದಿ.

ಇನ್ನು ಒಂದು ಫಂಕ್ಷನ್ ಲೆಕ್ಕವನ್ನೂ ಮಾಡಬೇಕು, ಪರದೆ ಮೇಲೂ ಬರೆಯಬೇಕು ಎಂಬ ಹಟ ಬೇಡ. ಲೆಕ್ಕ ಮಾಡುವುದು ರಿಟರ್ನ್ ಮಾಡಲಿ. ತೋರಿಸುವ ಕೆಲಸಕ್ಕೆ ಪಟ್ಟಿ_ತೋರಿಸು ಅಂತ ಬೇರೆ ವಾಯ್ಡ್ ಫಂಕ್ಷನ್ ಇರಲಿ. ಹೀಗೆ ಮಾಡಿದರೆ ಹಮಾಲಿ ಫಂಕ್ಷನ್ನೊಂದನ್ನೇ ಹಿಡಿದು 0 ಕೊಟ್ಟು, 1 ಕೊಟ್ಟು, 7 ಕೊಟ್ಟು ಪರೀಕ್ಷಿಸಬಹುದು. ಮೇನ್‌ನಲ್ಲಿ ಎಲ್ಲವೂ ಕಲಸಿದ್ದರೆ ತಪ್ಪು ಎಲ್ಲಿದೆ ಅಂತ ಹುಡುಕುವುದೇ ದೊಡ್ಡ ಕೆಲಸ.

ಎರಡನೇ ತೊಂದರೆ, ದರ ಇಳಿಯಲಿಲ್ಲ ಎಂಬುದು. ಕಾಳು ಹಸಿ ಇದ್ದರೆ ದರ ಕಡಿಮೆ ಮಾಡುತ್ತಾರಲ್ಲ, ಅದಕ್ಕೆ ನೀವು ಬರೆದದ್ದು ಹೀಗಿರಬಹುದು:

ವಾಯ್ಡ್ ದರ_ಇಳಿಸು(ಇಂಟ್ ದರ)
{
    ದರ = ದರ - 200;
}

ಮೇನ್‌ನಲ್ಲಿ ದರ 8000 ಇತ್ತು. ದರ_ಇಳಿಸು(ದರ); ಅಂತ ಕರೆದಿರಿ. ಆಮೇಲೂ 8000. ಮಾರ್ಕ್ಸ್ ಕಾರ್ಡಿನ ಜೆರಾಕ್ಸ್ ಕೊಟ್ಟು ಕಳಿಸಿದರೆ ಅದರ ಮೇಲೆ ಯಾರು ಏನೇ ಗೀಚಲಿ, ಮನೆಯಲ್ಲಿರುವ ಮೂಲ ಕಾರ್ಡಿಗೆ ಏನೂ ಆಗುವುದಿಲ್ಲ. ಸಿ ಭಾಷೆ ಫಂಕ್ಷನ್‌ಗೆ ಯಾವಾಗಲೂ ಜೆರಾಕ್ಸನ್ನೇ ಕಳಿಸುತ್ತದೆ. ಮೇನ್‌ನ ದರ ಬೇರೆ, ಫಂಕ್ಷನ್‌ನ ದರ ಬೇರೆ. ಹೆಸರು ಒಂದೇ ಇದ್ದರೂ ಮೆಮೊರಿಯಲ್ಲಿ ಜಾಗ ಎರಡು. ಫಂಕ್ಷನ್ ಶುರುವಾದಾಗ ಅದರ ದರ ಹುಟ್ಟುತ್ತದೆ, 8000 ಅಲ್ಲಿಗೆ ನಕಲಾಗುತ್ತದೆ, 7800 ಆಗುತ್ತದೆ. ಫಂಕ್ಷನ್ ಮುಗಿದಾಗ ಆ ಜಾಗವೇ ಹೋಗುತ್ತದೆ. ನಿಮ್ಮ 7800 ಅದರ ಜೊತೆಗೇ ಹೋಯಿತು.

ಇದು ಸಿ ಭಾಷೆಯ ದೋಷ ಅಂತ ತಿಳಿಯಬೇಡಿ. ಒಳ್ಳೆಯ ಗುಣ. ಯಾವುದೋ ಫಂಕ್ಷನ್ ಕರೆದಾಗ ನನ್ನ ವೇರಿಯೇಬಲ್ (ವ್ಯಾಲ್ಯೂ ಇಡುವ, ಹೆಸರಿರುವ ಜಾಗ) ಕದ್ದು ಬದಲಾಗುವುದಿಲ್ಲ ಎಂಬ ನೆಮ್ಮದಿ ಇದೆ. ಬದಲಾಗಲೇಬೇಕು ಎಂದರೆ ಸುಲಭ ದಾರಿ ಇದೆ:

ಇಂಟ್ ಇಳಿಸಿದ_ದರ(ಇಂಟ್ ದರ)
{
    ರಿಟರ್ನ್ ದರ - 200;
}

ಮೇನ್‌ನಲ್ಲಿ: ದರ = ಇಳಿಸಿದ_ದರ(ದರ);

ಈ ಸಾಲನ್ನು ಓದಿದವರಿಗೆ ದರ ಬದಲಾಗುತ್ತಿದೆ ಅಂತ ಕಣ್ಣಿಗೇ ಕಾಣುತ್ತದೆ. ಒಂದೇ ಉತ್ತರ ಬೇಕಾದ ಕಡೆ ಈ ದಾರಿಯನ್ನೇ ಹಿಡಿಯಿರಿ. ಎರಡು ಮೂರು ಸಂಖ್ಯೆ ಒಟ್ಟಿಗೆ ಬದಲಾಗಬೇಕಾದಾಗ ಪಾಯಿಂಟರ್, ಅಂದರೆ ವಿಳಾಸ ಇಟ್ಟುಕೊಳ್ಳುವ ವೇರಿಯೇಬಲ್, ಬೇಕಾಗುತ್ತದೆ. ಅದಕ್ಕೇ ಎರಡು ಸಂಖ್ಯೆ ಅದಲುಬದಲು ಮಾಡುವ ಸ್ವಾಪ್ ಪ್ರೋಗ್ರಾಂ ಎಲ್ಲ ಪುಸ್ತಕಗಳಲ್ಲೂ ಇರುತ್ತದೆ. ಪಾಯಿಂಟರ್ ಬಳಸಿದರೆ ನಿಮ್ಮ ಫಂಕ್ಷನ್ ಹೀಗಾಗುತ್ತದೆ:

ವಾಯ್ಡ್ ದರ_ಇಳಿಸು(ಇಂಟ್ *ದರ)
{
    *ದರ = *ದರ - 200;
}

ಕರೆಯುವಾಗ ದರ_ಇಳಿಸು(&ದರ); ಅಂತ ಬರೆಯಬೇಕು. & ಎಂದರೆ ಈ ವೇರಿಯೇಬಲ್‌ನ ವಿಳಾಸ. * ಹಾಕಿದರೆ ಆ ವಿಳಾಸದಲ್ಲಿರುವ ವ್ಯಾಲ್ಯೂ. ಫಂಕ್ಷನ್‌ಗೆ ಹೋದದ್ದು ಈಗ ವಿಳಾಸ. ಆ ವಿಳಾಸ ಹಿಡಿದು ಅದು ಮೇನ್‌ನ ದರದ ಹತ್ತಿರ ಬಂದು ಅಲ್ಲೇ ತಿದ್ದುತ್ತದೆ. ಸ್ಕ್ಯಾನ್‌ಎಫ್‌ನಲ್ಲಿ & ಯಾಕೆ ಹಾಕುತ್ತೇವೆ ಎಂಬ ವೈವಾ (ಮೌಖಿಕ ಪರೀಕ್ಷೆ) ಪ್ರಶ್ನೆಗೂ ಇದೇ ಉತ್ತರ. ಕೀಬೋರ್ಡಿನಿಂದ ಬಂದ ಸಂಖ್ಯೆಯನ್ನು ನಿಮ್ಮ ವೇರಿಯೇಬಲ್‌ನಲ್ಲಿ ಇಡಬೇಕಾದರೆ ಸ್ಕ್ಯಾನ್‌ಎಫ್‌ಗೆ ಅದರ ವಿಳಾಸ ಗೊತ್ತಿರಬೇಕು. ಪ್ರಿಂಟ್‌ಎಫ್‌ಗೆ ಸುಮ್ನೆ ಓದಿದರೆ ಸಾಕು, ಅದಕ್ಕೆ & ಬೇಡ.

ನಿಮ್ಮ ನೋಟ್ಸ್‌ನಲ್ಲಿ ಇದನ್ನು ‘ಕಾಲ್ ಬೈ ರೆಫರೆನ್ಸ್’ ಅಂತ ಬರೆಸಿರುತ್ತಾರೆ. ಪರೀಕ್ಷೆಯಲ್ಲಿ ಹಾಗೇ ಬರೆಯಿರಿ, ಅಂಕ ಯಾಕೆ ಕಳೆದುಕೊಳ್ಳಬೇಕು? ಆದರೆ ಮನಸ್ಸಿನಲ್ಲಿ ಇಷ್ಟು ಇರಲಿ: ಸಿ ಭಾಷೆಯಲ್ಲಿ ವಿಳಾಸ ಕೂಡ ನಕಲಾಗಿಯೇ ಹೋಗುತ್ತದೆ. ಫಂಕ್ಷನ್ ಒಳಗೆ ಪಾಯಿಂಟರ್‌ಗೆ ಬೇರೆ ವಿಳಾಸ ಹಾಕಿದರೆ ಮೇನ್‌ಗೆ ಅದರ ಸುದ್ದಿಯೂ ಮುಟ್ಟುವುದಿಲ್ಲ.

ಅರೇ (ಒಂದೇ ಹೆಸರಿನ ಸಾಲು ಮನೆಗಳು) ಕಳಿಸಿದಾಗ ಮಾತ್ರ ನಿಯಮ ತಪ್ಪಿದ ಹಾಗೆ ಕಾಣುತ್ತದೆ. ಹತ್ತು ರೈತರ ತೂಕ ಇರುವ ಅರೇಯನ್ನು ಫಂಕ್ಷನ್‌ಗೆ ಕೊಟ್ಟು ಒಳಗೆ ಬದಲಿಸಿದರೆ ಮೇನ್‌ನಲ್ಲೂ ಬದಲಾಗುತ್ತದೆ. ಯಾಕೆಂದರೆ ಅಲ್ಲಿ ಹೋಗುವುದು ಇಡೀ ಅರೇ ಅಲ್ಲ, ಅದರ ಮೊದಲ ಮನೆಯ ವಿಳಾಸ. ಎಷ್ಟು ಮನೆ ಇವೆ ಎಂಬುದು ಆ ವಿಳಾಸದಿಂದ ಗೊತ್ತಾಗುವುದಿಲ್ಲ. ಹಾಗಾಗಿ ಎಷ್ಟು ಎಂಬುದನ್ನು ಇನ್ನೊಂದು ಪ್ಯಾರಾಮೀಟರ್ ಆಗಿ ಕೊಡಲೇಬೇಕು. ಫಂಕ್ಷನ್ ಒಳಗೆ ಸೈಜ್‌ಆಫ್ ಹಾಕಿ ಅಳೆಯಲು ಹೋದರೆ ಪಾಯಿಂಟರ್‌ನ ಅಳತೆ ಸಿಗುತ್ತದೆ, ಅರೇಯದ್ದಲ್ಲ.

ಇಷ್ಟೆಲ್ಲ ತಲೆಬಿಸಿ ಯಾಕೆ, ದರವನ್ನು ಮೇನ್‌ನ ಹೊರಗೆ ಮೇಲ್ಗಡೆ ಬರೆದು ಗ್ಲೋಬಲ್ ಮಾಡಿದರೆ ಆಯ್ತಲ್ಲ ಅಂತ ಯಾರಾದರೂ ಹೇಳಿಕೊಡಬಹುದು. ಕೆಲಸ ಆಗುತ್ತದೆ. ಆದರೆ ಆಗ ದರವನ್ನು ಯಾರು ಬದಲಿಸಿದರು ಅಂತ ಹುಡುಕಲು ಇಡೀ ಪ್ರೋಗ್ರಾಂ ಓದಬೇಕು. ಕಲಿಯುವಾಗ ಈ ಚಟ ಹಿಡಿಸಿಕೊಳ್ಳಬೇಡಿ.

ಈಗ ಆ -9536. ನಿಮ್ಮ ಪತ್ರದಲ್ಲಿ ನನಗೆ ಜಾಸ್ತಿ ಹಿಡಿಸಿದ್ದು ಇದೇ. ಹಲವರು ಲ್ಯಾಬ್ ಕಂಪ್ಯೂಟರ್ ಕೆಟ್ಟಿದೆ ಅಂತ ಎದ್ದು ಹೋಗುತ್ತಾರೆ. ನೀವು ಸಂಖ್ಯೆ ಬರೆದುಕೊಂಡು ಬಂದಿರಿ.

ಆ ಸಂಖ್ಯೆ ನೋಡಿದರೆ ನಿಮ್ಮ ಲ್ಯಾಬ್‌ನಲ್ಲಿ ಟರ್ಬೊ ಸಿ ಇರಬೇಕು. ಬೋರ್ಲ್ಯಾಂಡ್ ಕಂಪನಿ 1987ರಲ್ಲಿ ತಂದ, ಡಾಸ್ ಕಾಲದ ಕಂಪೈಲರ್ ಅದು. ಅದರಲ್ಲಿ ಇಂಟ್‌ಗೆ 16 ಬಿಟ್ ಜಾಗ. ಅದರಲ್ಲಿ ಹಿಡಿಯುವುದು -32768 ರಿಂದ 32767 ರವರೆಗೆ ಮಾತ್ರ. ಫೋನ್‌ನ ಕಂಪೈಲರ್‌ಗಳಲ್ಲಿ ಇಂಟ್‌ಗೆ 32 ಬಿಟ್. ಅದು 2147483647 ರವರೆಗೆ ಹಿಡಿಯುತ್ತದೆ. ಎರಡೂ ಸಿ ಭಾಷೆಯ ನಿಯಮದೊಳಗೇ ಇವೆ. ಇಂಟ್ ಕನಿಷ್ಠ 32767 ಹಿಡಿಯಬೇಕು ಅಂತಷ್ಟೇ ನಿಯಮ ಹೇಳುತ್ತದೆ.

2025-26ರ ಹಂಗಾಮಿಗೆ ಕೇಂದ್ರ ಸರ್ಕಾರ ತೊಗರಿಗೆ ಇಟ್ಟ ಬೆಂಬಲ ಬೆಲೆ ಕ್ವಿಂಟಲ್‌ಗೆ 8000 ರೂಪಾಯಿ. ಆ ದರದಲ್ಲಿ 4 ಕ್ವಿಂಟಲ್‌ಗೆ 32000, ಇನ್ನೂ ಹಿಡಿಯುತ್ತದೆ. 5 ಕ್ವಿಂಟಲ್‌ಗೆ 40000, ದಾಟಿತು. 16 ಬಿಟ್‌ನಲ್ಲಿ ಒಟ್ಟು 65536 ಬೇರೆ ಬೇರೆ ಸಂಖ್ಯೆಗಳಿಗೆ ಜಾಗ. ಮೇಲಿನ ಅಂಚು ದಾಟಿದರೆ ಟರ್ಬೊ ಸಿಯಲ್ಲಿ ಕೆಳಗಿನ ಅಂಚಿನಿಂದ ಎಣಿಕೆ ಮತ್ತೆ ಶುರುವಾಗುತ್ತದೆ. 56000 ರಿಂದ 65536 ಕಳೆಯಿರಿ. -9536 ಬಂತಾ? ಕಂಪ್ಯೂಟರ್ ಕೆಟ್ಟಿಲ್ಲ. ನಿಮ್ಮ ಫಂಕ್ಷನ್ನೂ ಕೆಟ್ಟಿಲ್ಲ. ಮೇನ್‌ನಲ್ಲೇ ಬರೆದರೂ ಲ್ಯಾಬ್‌ನಲ್ಲಿ ಇದೇ ಬರುತ್ತಿತ್ತು.

ಪರಿಹಾರ ಲಾಂಗ್, ಅಂದರೆ ದೊಡ್ಡ ಪೂರ್ಣಾಂಕಕ್ಕೆ ಇರುವ ಬಗೆ. ಟರ್ಬೊ ಸಿಯಲ್ಲೂ ಲಾಂಗ್‌ಗೆ 32 ಬಿಟ್ ಇದೆ. ಆದರೆ ಅವಸರದಲ್ಲಿ ಹೀಗೆ ಬರೆದರೆ ಉಪಯೋಗವಿಲ್ಲ:

ಲಾಂಗ್ ಒಟ್ಟು(ಇಂಟ್ ಕ್ವಿಂಟಲ್, ಇಂಟ್ ದರ)
{
    ರಿಟರ್ನ್ ಕ್ವಿಂಟಲ್ * ದರ;
}

ಲ್ಯಾಬ್‌ನಲ್ಲಿ ಇದೂ -9536 ಕೊಡುತ್ತದೆ. ಎರಡು ಇಂಟ್‌ಗಳ ಗುಣಾಕಾರ ಇಂಟ್ ಜಾಗದಲ್ಲೇ ನಡೆಯುತ್ತದೆ. ಸಂಖ್ಯೆ ಅಲ್ಲೇ ಕೆಟ್ಟುಹೋಯಿತು. ಕೆಟ್ಟದ್ದನ್ನು ಆಮೇಲೆ ದೊಡ್ಡ ಜಾಗಕ್ಕೆ ಹಾಕಿದರೆ ಸರಿಯಾಗುವುದಿಲ್ಲ. ಗುಣಿಸುವ ಮೊದಲೇ ದೊಡ್ಡದಾಗಬೇಕು. ಪ್ಯಾರಾಮೀಟರ್‌ಗಳನ್ನೇ ಲಾಂಗ್ ಮಾಡಿ:

ಲಾಂಗ್ ಒಟ್ಟು(ಲಾಂಗ್ ಕ್ವಿಂಟಲ್, ಲಾಂಗ್ ದರ)

ಮೇನ್‌ನಲ್ಲಿ ಕೈಗೆ ಎಂಬುದನ್ನೂ ಲಾಂಗ್ ಮಾಡಿ. ಅಚ್ಚು ಹಾಕುವಾಗ %ಡಿ ಬದಲು %ಎಲ್‌ಡಿ. ಗುಣಾಕಾರ ಫಂಕ್ಷನ್ ಒಳಗೆ ಒಂದೇ ಕಡೆ ಇರುವುದರಿಂದ ಅದನ್ನು ತಿದ್ದುವ ಕೆಲಸವೂ ಒಂದೇ ಕಡೆ ಮುಗಿಯಿತು. ಪ್ರೋಗ್ರಾಂ ತುಂಬ ಕ್ವಿಂಟಲ್ * ದರ ಅಂತ ಚೆಲ್ಲಿದ್ದರೆ ಒಂದೊಂದನ್ನೂ ಹುಡುಕಿ ತಿದ್ದಬೇಕಿತ್ತು, ಒಂದಾದರೂ ಬಿಟ್ಟುಹೋಗುತ್ತಿತ್ತು. ಫಂಕ್ಷನ್ ಬೇಕಾ ಅಂತ ಕೇಳಿದ್ದಿರಲ್ಲ, ನನ್ನ ಕಾರಣ ಇದು. ಟೈಪ್ ಮಾಡುವುದು ಉಳಿಯುತ್ತದೆ ಅಂತ ಪುಸ್ತಕದಲ್ಲಿ ಬರೆದಿರುತ್ತಾರೆ, ಅದು ಸಣ್ಣ ಲಾಭ.

ಲಾಂಗ್ ಮಾಡಿದ ಮೇಲೆ ಪ್ರೋಟೋಟೈಪ್ (ಫಂಕ್ಷನ್‌ನ ಮೊದಲ ಸಾಲನ್ನು ಮೇಲ್ಗಡೆ ಮೊದಲೇ ಬರೆದಿಡುವುದು) ಯಾಕೆ ಬೇಕು ಎಂಬುದೂ ಚೆನ್ನಾಗಿ ಕಾಣುತ್ತದೆ. ಕಂಪೈಲರ್ ಮೇಲಿನಿಂದ ಕೆಳಗೆ ಓದುತ್ತದೆ. ಮೇನ್ ಮೊದಲು ಬಂದು ಒಟ್ಟು ಫಂಕ್ಷನ್ ಕೆಳಗಿದ್ದರೆ, ಕರೆಯುವ ಸಾಲಿಗೆ ಬಂದಾಗ ಅದಕ್ಕೆ ಒಟ್ಟು ಯಾರು ಅಂತ ಗೊತ್ತಿರುವುದಿಲ್ಲ. ಹಳೆಯ ಸಿ ನಿಯಮದಲ್ಲಿ ಅದು ಸುಮ್ನೆ ಊಹೆ ಮಾಡುತ್ತಿತ್ತು: ಇದು ಇಂಟ್ ವಾಪಸ್ ಕೊಡುತ್ತದೆ, ಕೊಟ್ಟ ಸಾಮಾನನ್ನು ಇದ್ದ ಹಾಗೇ ಕಳಿಸಿದರೆ ಸಾಕು. ನೀವು 7 ಅಂತ ಬರೆದರೆ ಅದು 16 ಬಿಟ್‌ನ ಇಂಟ್. ಫಂಕ್ಷನ್ ಕಾಯುತ್ತಿರುವುದು 32 ಬಿಟ್‌ನ ಲಾಂಗ್. ಕಳಿಸಿದ್ದಕ್ಕೂ ತೆಗೆದುಕೊಂಡದ್ದಕ್ಕೂ ತಾಳ ತಪ್ಪಿ ಕಸ ಬರುತ್ತದೆ. ಮೇಲ್ಗಡೆ ಈ ಒಂದು ಸಾಲು ಇದ್ದರೆ 7 ತಾನಾಗಿಯೇ ಲಾಂಗ್ ಆಗಿ ಹೋಗುತ್ತದೆ:

ಲಾಂಗ್ ಒಟ್ಟು(ಲಾಂಗ್ ಕ್ವಿಂಟಲ್, ಲಾಂಗ್ ದರ);

ಪ್ರೋಟೋಟೈಪ್ ಸಿ ಭಾಷೆಯ ನಿಯಮಕ್ಕೆ ಸೇರಿದ್ದು 1989ರ ಆನ್ಸಿ ಸ್ಟ್ಯಾಂಡರ್ಡ್‌ನಲ್ಲಿ. ಊಹೆ ಮಾಡುವ ಹಳೆಯ ಚಾಳಿಯನ್ನು 1999ರ ಸ್ಟ್ಯಾಂಡರ್ಡ್ ತೆಗೆದುಹಾಕಿತು. ಆದರೂ ಜಿಸಿಸಿ ಬಹಳ ವರ್ಷ ಬರೀ ವಾರ್ನಿಂಗ್ ಕೊಟ್ಟು ಬಿಡುತ್ತಿತ್ತು. 2024ರಲ್ಲಿ ಬಂದ 14ನೇ ಆವೃತ್ತಿಯಿಂದ ಅದನ್ನು ಎರರ್ ಮಾಡಿದೆ. ಹಾಗಾಗಿ ಹಳೆಯ ಲ್ಯಾಬ್ ಮ್ಯಾನುವಲ್‌ನ ಪ್ರೋಗ್ರಾಂ ಹೊಸ ಕಂಪೈಲರ್‌ನಲ್ಲಿ ಓಡದಿದ್ದರೆ ಗಾಬರಿ ಬೇಡ, ಮೇಲೆ ಪ್ರೋಟೋಟೈಪ್ ಇದೆಯಾ, ಬೇಕಾದ ಹೆಡರ್ ಫೈಲ್ ಇದೆಯಾ ನೋಡಿ. ಹೆಡರ್ ಫೈಲ್‌ನಲ್ಲಿ ಮುಖ್ಯವಾಗಿ ಇರುವುದೂ ಇಂಥ ಪ್ರೋಟೋಟೈಪ್ ಸಾಲುಗಳೇ. ಪ್ರಿಂಟ್‌ಎಫ್‌ನ ಒಡಲು ಅಲ್ಲಿಲ್ಲ, ಅದು ಲೈಬ್ರರಿಯಲ್ಲಿದೆ. ‘ಅನ್‌ಡಿಫೈನ್ಡ್ ರೆಫರೆನ್ಸ್’ ಅಂತ ಎರರ್ ಬಂದರೆ ಪ್ರೋಟೋಟೈಪ್ ಸಿಕ್ಕಿದೆ, ಒಡಲು ಸಿಕ್ಕಿಲ್ಲ ಅಂತ ಅರ್ಥ. ಬಹಳ ಸಲ ಕಾರಣ ಸಣ್ಣದು: ಪ್ರೋಟೋಟೈಪ್‌ನಲ್ಲಿ ಒಂದು ಸ್ಪೆಲಿಂಗ್, ಕೆಳಗೆ ಇನ್ನೊಂದು.

ಸೆಮಿಕೋಲನ್ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಪ್ರೋಟೋಟೈಪ್ ಕೊನೆಗೆ ಬೇಕು, ಒಡಲಿರುವ ಫಂಕ್ಷನ್‌ನ ಮೊದಲ ಸಾಲಿಗೆ ಬೇಡ. ಇನ್ನೊಂದು, ಮೇನ್‌ನ ಪುಷ್ಪ ಬ್ರ್ಯಾಕೆಟ್ ಮುಚ್ಚುವ ಮೊದಲೇ ಬೇರೆ ಫಂಕ್ಷನ್ ಬರೆಯಲು ಶುರು ಮಾಡಬೇಡಿ. ಸಿ ಭಾಷೆಯ ನಿಯಮದಲ್ಲಿ ಫಂಕ್ಷನ್ ಒಳಗೆ ಫಂಕ್ಷನ್ ಬರೆಯುವಂತಿಲ್ಲ. ಜಿಸಿಸಿ ತನ್ನದೇ ಸೌಕರ್ಯ ಅಂತ ಬಿಟ್ಟುಕೊಡುತ್ತದೆ, ಲ್ಯಾಬ್‌ನಲ್ಲಿ ಅದು ನಡೆಯುವುದಿಲ್ಲ.

ವಾಯ್ಡ್ ಮೇನ್, ಪರದೆ ಒರೆಸುವ ಸಿಎಲ್‌ಆರ್‌ಎಸ್‌ಸಿಆರ್, ಒಂದು ಕೀ ಒತ್ತುವವರೆಗೆ ಕಾಯುವ ಗೆಟ್‌ಸಿಎಚ್ ಇವೆಲ್ಲ ಟರ್ಬೊ ಸಿಯ ಬಳುವಳಿ. ಫೋನ್‌ನಲ್ಲಿ ಕೊನಿಯೋ ಹೆಡರ್ ಸಿಗುವುದಿಲ್ಲ ಅಂತ ಎರರ್ ಬರುವುದು ಅದಕ್ಕೇ. ಇಂಟ್ ಮೇನ್ ಬರೆದು ರಿಟರ್ನ್ 0 ಹಾಕಿದರೆ ಎರಡೂ ಕಡೆ ಓಡುತ್ತದೆ. ಮನೆಯಲ್ಲಿ ಲ್ಯಾಪ್‌ಟಾಪ್ ಇಲ್ಲದಿದ್ದರೂ ತೊಂದರೆ ಇಲ್ಲ, ಆಂಡ್ರಾಯ್ಡ್ ಫೋನ್‌ನಲ್ಲಿ ಟರ್ಮಕ್ಸ್ ಎಂಬ ಆ್ಯಪ್ ಹಾಕಿಕೊಂಡು ಕ್ಲಾಂಗ್ ಕಂಪೈಲರ್ ಬಳಸಬಹುದು. ವಾರ್ನಿಂಗ್‌ಗಳನ್ನು ಅದು ಜಿಸಿಸಿಯಷ್ಟೇ ಚೆನ್ನಾಗಿ ತೋರಿಸುತ್ತದೆ.

ವೈವಾದಲ್ಲಿ ಒಂದು ಪ್ರಶ್ನೆ ಬರುತ್ತದೆ: ಒಂದೇ ಪ್ರಿಂಟ್‌ಎಫ್‌ನಲ್ಲಿ ಐ ಮತ್ತು ಐ++ (ಐಗೆ 1 ಕೂಡಿಸುವುದು) ಎರಡನ್ನೂ ಕೊಟ್ಟರೆ ಏನು ಅಚ್ಚಾಗುತ್ತದೆ? ಬಲದಿಂದ ಎಡಕ್ಕೆ ಲೆಕ್ಕ ಮಾಡಬೇಕು ಅಂತ ಹೇಳಿಕೊಟ್ಟಿರುತ್ತಾರೆ. ಸಿ ನಿಯಮದಲ್ಲಿ ಅಂಥ ಮಾತೇ ಇಲ್ಲ. ಫಂಕ್ಷನ್‌ಗೆ ಕೊಡುವ ಆರ್ಗ್ಯುಮೆಂಟ್‌ಗಳಲ್ಲಿ ಯಾವುದನ್ನು ಮೊದಲು ಲೆಕ್ಕ ಮಾಡಬೇಕು ಎಂಬುದನ್ನು ಕಂಪೈಲರ್‌ಗೆ ಬಿಟ್ಟಿದ್ದಾರೆ. ಒಂದೇ ವೇರಿಯೇಬಲ್ ಅನ್ನು ಒಂದು ಕಡೆ ಬದಲಿಸಿ ಇನ್ನೊಂದು ಕಡೆ ಓದಿದರೆ ಉತ್ತರಕ್ಕೆ ಯಾವ ಖಾತ್ರಿಯೂ ಇಲ್ಲ. ಇದು ಕೇಳಬಾರದ ಪ್ರಶ್ನೆ ಎಂಬುದು ನನ್ನ ಅಭಿಪ್ರಾಯ. ಕೇಳಿದರೆ ನಮ್ಮ ಲ್ಯಾಬ್‌ನ ಕಂಪೈಲರ್‌ನಲ್ಲಿ ಹೀಗೆ ಬರುತ್ತದೆ ಅಂತ ವಿನಯದಿಂದ ಹೇಳಿ ಮುಂದೆ ಹೋಗಿ.

ರಿಕರ್ಶನ್ ಬಗ್ಗೆ ನೀವು ಕೇಳಿಲ್ಲ, ಆದರೆ ಮುಂದಿನ ಪಾಠ ಅದೇ ಇರುತ್ತದೆ. ಫಂಕ್ಷನ್ ತನ್ನನ್ನೇ ಕರೆದಾಗಲೂ ನಿಯಮ ಬದಲಾಗುವುದಿಲ್ಲ. ಪ್ರತಿ ಕರೆಗೂ ಹೊಸ ಜಾಗ, ಹೊಸ ನಕಲು. ನೋಟ್‌ಬುಕ್‌ನಲ್ಲಿ ಪ್ರತಿ ಕರೆಗೂ ಒಂದು ಹೊಸ ಚೌಕ ಬರೆದು, ರಿಟರ್ನ್ ಆದಾಗ ಚೌಕ ಹೊಡೆದುಹಾಕಿ ಉತ್ತರವನ್ನು ಮೇಲಿನ ಚೌಕಕ್ಕೆ ಕೊಡಿ. ಫ್ಯಾಕ್ಟೋರಿಯಲ್ (1 ರಿಂದ ಆ ಸಂಖ್ಯೆಯವರೆಗಿನ ಗುಣಲಬ್ಧ) ಬರೆಯುವಾಗ ಎಲ್ಲಿ ನಿಲ್ಲಬೇಕು ಎಂಬ ಸಾಲು ಮೊದಲೇ ಬರೆಯಿರಿ. ಲ್ಯಾಬ್‌ನಲ್ಲಿ ಇಂಟ್ ಇಟ್ಟು 8ರ ಫ್ಯಾಕ್ಟೋರಿಯಲ್ ಕೇಳಿದರೆ 40320 ಬದಲು -25216 ಬಂದೀತು. ಯಾಕೆ ಅಂತ ಈಗ ನಿಮಗೆ ಗೊತ್ತು. ಫೋನ್‌ನಲ್ಲಿ 12ರವರೆಗೆ ಸರಿ ಬರುತ್ತದೆ, 13ಕ್ಕೆ ಅಲ್ಲೂ ಇಂಟ್ ಸಾಲದು.

ಇನ್ನು ನೀವು ಮಾಡಬೇಕಾದ ಕೆಲಸ. ಗಂಜ್‌ನಲ್ಲಿ ತೂಕ ಸರಿಯಾಗಿ 7 ಕ್ವಿಂಟಲ್ ಅಂತ ಎಲ್ಲಿ ಬರುತ್ತದೆ? 7 ಕ್ವಿಂಟಲ್ 35 ಕಿಲೋ ಅಂತ ಬರುತ್ತದೆ. ಹಾಗಾಗಿ ಒಟ್ಟು ಫಂಕ್ಷನ್‌ಗೆ ಕ್ವಿಂಟಲ್ ಬದಲು ಕಿಲೋ ಕೊಡುವ ಹಾಗೆ ತಿದ್ದಿ. 735 ಕಿಲೋ, ದರ 8000. ಒಳಗೆ ಎರಡು ರೀತಿ ಬರೆಯಬಹುದು:

ರಿಟರ್ನ್ ಕಿಲೋ / 100 * ದರ;
ರಿಟರ್ನ್ ಕಿಲೋ * ದರ / 100;

ಗಣಿತದ ಪುಸ್ತಕದಲ್ಲಿ ಎರಡೂ ಒಂದೇ. ಸಿ ಭಾಷೆಯಲ್ಲಿ ಒಂದು 56000 ಕೊಡುತ್ತದೆ, ಇನ್ನೊಂದು 58800. ಪೂರ್ಣಾಂಕವನ್ನು ಪೂರ್ಣಾಂಕದಿಂದ ಭಾಗಿಸಿದರೆ ಉಳಿದದ್ದು ಬಿದ್ದುಹೋಗುತ್ತದೆ. ಯಾವ ಸಾಲಿನಲ್ಲಿ 35 ಕಿಲೋ ಬಿದ್ದುಹೋಯಿತು ಅಂತ ಕಂಪೈಲ್ ಮಾಡುವ ಮೊದಲು ಕೈಯಲ್ಲೇ ಬಿಡಿಸಿ. ಹಮಾಲಿ ಫಂಕ್ಷನ್‌ಗೂ ಕಿಲೋ ಕೊಡಿ. ಆಗ 14 ಚೀಲ ತುಂಬಿ 35 ಕಿಲೋ ಉಳಿಯುತ್ತದೆ. ಅದಕ್ಕೆ 15ನೇ ಚೀಲ ಬೇಕು, ಅದಕ್ಕೂ ಹಮಾಲಿ ಉಂಟು. 50ರಿಂದ ಭಾಗಿಸುವ ಮೊದಲು ಕಿಲೋಗೆ 49 ಕೂಡಿಸಿ ನೋಡಿ. ಸರಿಯಾಗಿ 700 ಕಿಲೋ ಇದ್ದಾಗಲೂ ಅದು 14 ಚೀಲವನ್ನೇ ಕೊಡುತ್ತದಾ ಅಂತ ಪರೀಕ್ಷಿಸುವುದು ಮರೆಯಬೇಡಿ.